ಗಾರ್ಡ್ ಭಾವನ ಬೋಗಿಯ ದೀಪ

"ಬರುವ ಭಾನುವಾರ ಮಧ್ಯಾಹ್ನ ಮೂರು ಗಂಟೆಯೊಳಗೆ ಎಂಟೂ ಬೋಗಿಗಳಲ್ಲಿ ದೀಪ ಬೆಳಗದಿದ್ದರೆ, ನಾನು ಮೂವತ್ತಾರು ವರ್ಷ ಮೇಷ್ಟ್ರಾಗಿದ್ದದ್ದೇ ಸುಳ್ಳು!" ಎಂದು ಘೋಷಿಸಿ, ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದೆ.

ಲೋಟದಲ್ಲಿ ಕಾಫಿ ಇನ್ನೂ ಇತ್ತು. ಘೋಷಣೆಯ ಅರ್ಧ ಭಾಗ ನನ್ನ ಅಂಗಿಯ ಮೇಲೆ ಬಿತ್ತು.

"ದೀಪ ಆಮೇಲೆ ಬೆಳಗಲಿ. ಮೊದಲು ಅಂಗಿ ಬಿಚ್ಚಿ ಕೊಡಿ, ಕಲೆ ಕೂತರೆ ಹೋಗಲ್ಲ" ಎಂದಳು ನನ್ನ ಹೆಂಡತಿ.

ಅವಳನ್ನು ದೂರಿ ಪ್ರಯೋಜನವಿಲ್ಲ. ನನ್ನ ಪ್ರತಿಜ್ಞೆಗಳ ಇತಿಹಾಸವೆಲ್ಲ ಅವಳಿಗೆ ಬಾಯಿಪಾಠ. ಆದರೆ ಈ ಸಲದ್ದು ಹುಡುಗಾಟದ ಪ್ರತಿಜ್ಞೆಯಲ್ಲ. ಅದರ ಹಿಂದೆ ಒಬ್ಬರ ಕಣ್ಣಿತ್ತು.

ಆ ಒಬ್ಬರು ನನ್ನ ಹೆಂಡತಿಯ ಅಣ್ಣ. ರೈಲ್ವೆಯಲ್ಲಿ ಮೂವತ್ತೈದು ವರ್ಷ ಗಾರ್ಡ್ ಆಗಿದ್ದವರು. ಬಳಗಕ್ಕೆಲ್ಲ ಅವರು ಗಾರ್ಡ್ ಮಾವ, ನನಗೆ ಗಾರ್ಡ್ ಭಾವ. ಮೂವತ್ತೈದು ವರ್ಷದಲ್ಲಿ ಒಂದು ಸಿಗ್ನಲ್ಲನ್ನೂ ಮೀರದ ಮನುಷ್ಯ. ಚಲಿಸುವ ರೈಲಿಗೆ ಹಾರಿ ಹತ್ತುವ ಧೈರ್ಯವಿದ್ದವರು. ಆದರೆ ಡಾಕ್ಟರ ಬಿಳಿ ಕೋಟು ಕಂಡರೆ ಸಾಕು, ಅವರ ಕೈಕಾಲು ತಣ್ಣಗಾಗುತ್ತಿತ್ತು. ನಿವೃತ್ತಿಯಾದ ಮೇಲೆ ಒಂದು ಕಣ್ಣು ಮಂಜಾದಾಗ "ನಾಳೆ ಹೋಗೋಣ, ನಾಡಿದ್ದು ಹೋಗೋಣ" ಎಂದು ತಳ್ಳುತ್ತ ತಳ್ಳುತ್ತ ಆ ಕಣ್ಣನ್ನೇ ಕಳೆದುಕೊಂಡರು. ಈಗ ಉಳಿದದ್ದು ಇನ್ನೊಂದು. ಅದಕ್ಕೂ ದಪ್ಪನೆಯ ಪೊರೆ. "ಸೋಮವಾರ ಆಪರೇಷನ್ ಮಾಡಿಬಿಡೋಣ. ಇನ್ನು ಒಂದು ತಿಂಗಳು ಬಿಟ್ಟು ಬಂದರೆ ನನ್ನ ಹತ್ತಿರ ಬರುವುದೇ ಬೇಡ" ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ಭಾವ ಒಪ್ಪಲಿಲ್ಲ. ತಂಗಿ ಅತ್ತಳು, ಆಗಲೂ ಒಪ್ಪಲಿಲ್ಲ. ಕೊನೆಗೊಂದು ಸಂಜೆ ತಾವಾಗಿಯೇ ಬಾಯಿ ಬಿಟ್ಟರು.

"ಮೂವತ್ತೈದು ವರ್ಷ ರೈಲಿನ ಬಾಲಕ್ಕೆ ಕಟ್ಟಿಕೊಂಡು ಓಡಾಡಿದೆ ಮೇಷ್ಟ್ರೇ. ಕತ್ತಲಲ್ಲಿ ದೀಪ ಹಚ್ಚಿಕೊಂಡು ಹೋಗೋ ನನ್ನ ರೈಲನ್ನ ಹೊರಗೆ ನಿಂತು ಒಂದು ಸಲಾನೂ ನೋಡಲಿಲ್ಲ. ಗೇಟ್ ಕಾಯೋನು ನೋಡಿದ. ಗದ್ದೆಯಲ್ಲಿ ಮಲಗಿದ್ದ ಎಮ್ಮೆ ನೋಡಿತು. ನಾನು ನೋಡಲಿಲ್ಲ. ನೀವು ಆ ಕೋಣೆಯಲ್ಲಿ ಆಟದ ರೈಲು ಇಟ್ಟಿದ್ದೀರಲ್ಲ, ಅದಕ್ಕೆ ದೀಪ ಹಾಕಿ ತೋರಿಸಿ. ಆಪರೇಷನ್ ಕೆಟ್ಟರೆ ಅದೊಂದಾದರೂ ಕಣ್ಣಲ್ಲಿರಲಿ. ನೋಡಿದ ಮೇಲೆ ತೆಪ್ಪಗೆ ಬರ್ತೀನಿ."

ಇದು ಒಪ್ಪಂದ. ದೀಪ ಹತ್ತಿದರೆ ಕಣ್ಣು, ಹತ್ತದಿದ್ದರೆ ಇಲ್ಲ. ಹಾಗಾಗಿ ಕಾಫಿ ಲೋಟ ಕುಕ್ಕಿದ್ದು.

ನನ್ನ ರೈಲು ಇರುವುದು ಮನೆಯ ಹಿಂಬದಿಯ ಉಗ್ರಾಣದಲ್ಲಿ. ಹನ್ನೆರಡು ಅಡಿ ಉದ್ದದ ಹಲಗೆ, ಅದರ ಮೇಲೆ ಸುತ್ತುಹಳಿ, ಬೆಂಕಿಪೊಟ್ಟಣದಷ್ಟು ಸ್ಟೇಷನ್ನು, ಕಾಗದ ನೆನೆಸಿ ಗೋಂದು ಹಚ್ಚಿ ಕಟ್ಟಿದ ಒಂದು ಸುರಂಗ. ನಿವೃತ್ತಿಯ ದಿನ ಹಳೆಯ ವಿದ್ಯಾರ್ಥಿಗಳು ಒಂದು ಅಂಗೈಯುದ್ದದ ಎಂಜಿನ್ ಕೊಟ್ಟರು. ಅಲ್ಲಿಂದ ಹತ್ತಿದ ಹುಚ್ಚು ಇದು. ಕೋಣೆಗೆ ಒಂದೇ ಕಿಟಕಿ. ಅದಕ್ಕೆ ಹಳೆಯ ಕಂಬಳಿ ಬಡಿದರೆ ನಡು ಮಧ್ಯಾಹ್ನದಲ್ಲೂ ಗವಿಯ ಹಾಗೆ ಕತ್ತಲು. ಮೂಲೆಯಲ್ಲಿ ಪೆಟ್ಟಿಗೆಗಳು, ಗೂಟಕ್ಕೆ ನೇತುಹಾಕಿದ ನನ್ನ ಹಳೆಯ ಕೋಟು. ಆ ಕೋಟನ್ನು ಕಂಡು ಕತ್ತಲಲ್ಲಿ ನಾನೇ ಎರಡು ಸಲ "ಯಾರದು?" ಎಂದು ಗದರಿದ್ದೇನೆ.

ಈ ರೈಲು ಹಳೆಯ ಕಾಲದ್ದಲ್ಲ, ಡಿಜಿಟಲ್. ಹಳಿಯಲ್ಲಿ ಯಾವಾಗಲೂ ವಿದ್ಯುತ್ ಇದ್ದೇ ಇರುತ್ತದೆ. ಪ್ರತಿಯೊಂದು ಬೋಗಿಯೊಳಗೂ ಉಗುರಿನಷ್ಟು ದೊಡ್ಡ ಡಿಕೋಡರ್ ಎಂಬ ಚಿಪ್. ಅದಕ್ಕೊಂದು ನಂಬರು. ರಿಮೋಟಿನಲ್ಲಿ ನಂಬರ್ ಒತ್ತಿ ಆಜ್ಞೆ ಕೊಟ್ಟರೆ ಆ ನಂಬರಿನದು ಮಾತ್ರ ಕೇಳುತ್ತದೆ, ಉಳಿದವು ಕೈಕಟ್ಟಿ ಕೂತಿರುತ್ತವೆ. ತರಗತಿಯ ಹಾಜರಿಯಂತೆಯೇ! ಇದನ್ನು ಕಂಡುಹಿಡಿದವನು ಖಂಡಿತ ಮೇಷ್ಟರ ಮಗ ಎಂದು ನಾನು ಹೆಂಡತಿಗೆ ಹೇಳಿದೆ. "ಮೇಷ್ಟರ ಮಗನಾಗಿದ್ದರೆ ಮನೆ ಬಿಟ್ಟು ಓಡಿಹೋಗ್ತಿದ್ದ" ಎಂದಳು.

ಐದು ದಿನ ಬೆವರು ಸುರಿಸಿದೆ. ಬೋಗಿಯ ಸೂರು ತೆಗೆಯಬೇಕು. ಒಳಗೆ ಎಲ್‌ಇಡಿ ಪಟ್ಟಿ ಅಂಟಿಸಬೇಕು. ಚಕ್ರದಿಂದ ವಿದ್ಯುತ್ ಹೀರಲು ತಾಮ್ರದ ತೆಳು ನಾಲಿಗೆ ಕೂರಿಸಬೇಕು. ಕೂದಲಿನಂಥ ತಂತಿಗಳಿಗೆ ಬೆಸುಗೆ ಹಾಕಬೇಕು. ಎರಡು ಬೆರಳು ಸುಟ್ಟುಕೊಂಡೆ. ಒಂದು ಮೇಜುಬಟ್ಟೆ ಸುಟ್ಟೆ. ಮೇಜುಬಟ್ಟೆಗಾಗಿ ಬೈಸಿಕೊಂಡೆ, ಬೆರಳಿಗಾಗಿ ಯಾರೂ ಅಯ್ಯೋ ಎನ್ನಲಿಲ್ಲ.

ಅಂಗಡಿಯಲ್ಲಿ ಸಾಧಾರಣ ಡಿಕೋಡರ್ ಏಳೇ ಇದ್ದವು. ಎಂಟನೆಯದಕ್ಕೆ ಬೇರೆ ಕಂಪನಿಯ, ನೂರೆಂಟು ಚಮತ್ಕಾರ ಬಲ್ಲ ಒಂದನ್ನು ತಂದೆ. ಅದು ಕೊನೆಯ ಗಾರ್ಡ್ ಬೋಗಿಗೆ, ಭಾವನ ಗೌರವಾರ್ಥ. ಹಳಿಯ ಮೇಲೆ ಧೂಳಿದ್ದರೆ ದೀಪ ಮಿಣುಕದಿರಲಿ ಎಂದು ವಿದ್ಯುತ್ತನ್ನು ಒಂದಿಷ್ಟು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಹಾಕುತ್ತಾರೆ. ಅಂಗಡಿಯವನು ಕಡಲೆಕಾಳಿನಷ್ಟು ದೊಡ್ಡದು ಸಾಕು ಎಂದ. ಭಾವನ ಬೋಗಿಗೆ ಕಡಲೆಕಾಳೇ? ಬೆರಳಿನಷ್ಟು ದಪ್ಪದ್ದನ್ನು ತುರುಕಿದೆ! ನನ್ನ ಹೆಂಡತಿ ಸೂಜಿಯ ಮೊನೆಯಲ್ಲಿ ಬಣ್ಣ ಅದ್ದಿ, ಅಕ್ಕಿಕಾಳಿನೆತ್ತರದ ಒಬ್ಬ ಗಾರ್ಡನ್ನು ಮಾಡಿ, ಕೈಯಲ್ಲಿ ಬಾವುಟ ಎತ್ತಿಸಿ, ಆ ಬೋಗಿಯ ಬಾಗಿಲಲ್ಲಿ ನಿಲ್ಲಿಸಿದಳು. ಮುಖ ಬರೆಯಲು ಜಾಗ ಸಾಲಲಿಲ್ಲ. ಮುಖವಿಲ್ಲದ ಗಾರ್ಡ್.

ಶುಕ್ರವಾರ ಮಧ್ಯಾಹ್ನ ಕಂಬಳಿ ಬಡಿದು ಎಲ್ಲ ದೀಪ ಹಚ್ಚಿದೆ. ಹತ್ತಿದವು! ಆದರೆ ಆಸ್ಪತ್ರೆಯ ಆಪರೇಷನ್ ಕೋಣೆಯ ಹಾಗೆ ಕಣ್ಣು ಕುಕ್ಕುವ ಬೆಳಕು.

"ಇದನ್ನು ಕಂಡರೆ ಅಣ್ಣ ಇಲ್ಲಿಂದಲೇ ಓಡ್ತಾನೆ. ರಾತ್ರಿ ರೈಲು ಅಂದರೆ ತೂಕಡಿಸೋ ಹಾಗಿರಬೇಕು" ಎಂದಳು ಇವಳು.

ಬೆಳಕಿನ ಪ್ರಮಾಣವನ್ನು ಡಿಕೋಡರಿನಲ್ಲಿ ಬರೆದಿಡಬೇಕು. ಹೀಗೆ ಬರೆಯುವಾಗ ಮಾತ್ರ ರಿಮೋಟು ನಂಬರ್ ಕೇಳುವುದಿಲ್ಲ. ಹಳಿಯ ಮೇಲೆ ಯಾರು ನಿಂತಿದ್ದರೂ ಬರೆದುಕೊಳ್ಳುತ್ತಾರೆ. ಅದಕ್ಕೇ ಬೋಗಿಗಳನ್ನು ಒಂದೊಂದಾಗಿ ಹಳಿಗಿಟ್ಟು ಬರೆಯಬೇಕೆಂದು ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿತ್ತು.

"ಒಂದೊಂದಾಗಿ ಇಳಿಸಿ ಮಾಡಿ ಅಂತ ಬರೆದಿದೆಯಲ್ರೀ?"

"ಅರವತ್ತು ಮಕ್ಕಳಿಗೆ ಒಂದೇ ಸಲ ಉಕ್ತಲೇಖನ ಬರೆಸಿದವನು ನಾನು. ಎಂಟು ಬೋಗಿ ಯಾವ ಲೆಕ್ಕ!"

ರಿಮೋಟಿನ ಚಕ್ರ ತಿರುಗಿಸುತ್ತ ಹೋದೆ. ಏಳು ಬೋಗಿಗಳು ಒಟ್ಟಿಗೆ ಹದವಾಗಿ ಮಂಕಾದವು. ಎಂಟನೆಯದು ಯಾವಾಗಲೋ ಮಂಕಾಗಿತ್ತು. ಮೀಸೆ ತಿರುವಿದೆ. ಇವಳು ಅಡುಗೆಮನೆಗೆ ಹೋದಳು.

ಒಬ್ಬನೇ ಉಳಿದೆ. ಗೋಡೆಯ ಸ್ವಿಚ್ ಆರಿಸಿದೆ. ಪ್ಲಗ್ ಕಿತ್ತು ಕೈಯಲ್ಲಿ ಹಿಡಿದೆ. ಏಳು ಬೋಗಿ ಆರಿದವು.

ಎಂಟನೆಯದು ಆರಲಿಲ್ಲ.

ಕೆಂಡದ ಹಾಗೆ ಉಸಿರಾಡಿತು. ಉಬ್ಬಿತು, ಕುಗ್ಗಿತು. ನಾನು ಬಾಗಿ ನೋಡಿದೆ. ಆಗ ನನ್ನ ಎದುರಿನ ಗೋಡೆಯ ಮೇಲೆ ಒಬ್ಬ ಮನುಷ್ಯ ಎದ್ದು ನಿಂತ! ಆಳೆತ್ತರ. ಕರ್ರಗೆ. ಮುಖವಿಲ್ಲ. ಒಂದು ಕೈ ಮೇಲಕ್ಕೆತ್ತಿದೆ. ನಾನು ಹಿಂದೆ ಸರಿದರೆ ಅವನು ನಡುಗಿದ. ಉಸಿರು ಬಿಟ್ಟರೆ ಅವನ ಕೈ ಅಲ್ಲಾಡಿತು. ಆಮೇಲೆ ಮೆಲ್ಲಗೆ ಗೋಡೆಯೊಳಕ್ಕೆ ಇಂಗಿಹೋದ. ಹಳಿ 'ಟಿಣ್' ಎಂದಿತು. ನಂತರ ಬರೀ ಕತ್ತಲು.

ನನ್ನ ಗಂಟಲಿನಿಂದ ಬಂದ ಸದ್ದು ಯಾವ ವರ್ಣಮಾಲೆಯಲ್ಲೂ ಇಲ್ಲ.

ಹೆಂಡತಿ ಕೈಯೊರೆಸಿಕೊಳ್ಳುತ್ತ ಓಡಿ ಬಂದಳು. "ಏನಾಯ್ತು?"

"ಗೋಡೆಯ ಮೇಲೆ... ಯಾರೋ ಕೈ ಎತ್ತಿ..."

"ಏನು ಹೇಳ್ತಿದ್ದ?"

"ಏನೂ ಹೇಳಲಿಲ್ಲ. ಹಾಜರಿ ಕೊಡುವ ಹುಡುಗನ ಹಾಗೆ ಕೈ ಎತ್ತಿದ್ದ."

"ನಿಮಗೆ ಶಾಲೆಯೇ ಕನಸಿಗೆ ಬರುತ್ತೆ. ಹೋಗಿ ಮಲಗಿ" ಎಂದು ಕಂಬಳಿ ಸರಿಸಿದಳು. ಬಿಸಿಲು ಒಳಗೆ ಬಂತು. ಗೋಡೆಯ ಮೇಲೆ ಸುಣ್ಣ ಬಿಟ್ಟು ಏನೂ ಇರಲಿಲ್ಲ. ಬೋಗಿಯ ಬಾಗಿಲಲ್ಲಿ ಅವಳ ಗೊಂಬೆಯ ಹಿಂದೆಯೇ ದೀಪವಿದ್ದದ್ದರಿಂದ ನೆರಳು ಬಿದ್ದಿತ್ತು, ಅಷ್ಟೇ. ಇದು ನನಗೆ ಹೊಳೆದದ್ದು ಸಂಜೆ. ಆದರೆ ಪ್ಲಗ್ ಕಿತ್ತ ಮೇಲೆ ದೀಪ ಉಳಿದದ್ದು ಹೇಗೆ? ಬೆರಳಿನಷ್ಟು ದಪ್ಪದ ಕೆಪಾಸಿಟರ್, ಇನ್ನೇನು! ಹಾಗೆಂದುಕೊಂಡು ಧೈರ್ಯ ತಂದುಕೊಂಡೆ.

ಶನಿವಾರ ಬೆಳಿಗ್ಗೆ ಭಾವ ಬಂದಿಳಿದರು. ಕೈಚೀಲ, ಹಳೆಯ ಸೀಟಿ, ಗೋಡೆ ತಡವುತ್ತ ನಡೆಯುವ ಎರಡು ಕೈ. "ನಾಳೆ ಮೂರಕ್ಕೆ ತಾನೆ ಗಾಡಿ?" ಎಂದು ಕೇಳಿದರು. "ಮೂರಕ್ಕೆ ಸರಿಯಾಗಿ" ಎಂದೆ. ಮಧ್ಯಾಹ್ನ ಅವರು ಮಲಗಿದ್ದಾಗ ನಾನು ಇನ್ನೊಮ್ಮೆ ರೈಲು ಓಡಿಸಿ ನೋಡಿ, ಸುರಂಗದ ಬಳಿ ನಿಲ್ಲಿಸಿ, ಪ್ಲಗ್ ಕಿತ್ತು ಹೊರಗೆ ಬಂದೆ. ಇವಳು ಭಾವನಿಗೆ ಹೊದಿಕೆ ತರಲು ಅದೇ ಕೋಣೆಗೆ ಹೋದಳು.

ಹೋದವಳು ಹಾಗೇ ಹಿಂದಕ್ಕೆ ನಡೆದುಕೊಂಡು ಬಂದಳು. ಮುಖದಲ್ಲಿ ರಕ್ತವಿಲ್ಲ.

"ಸುರಂಗದೊಳಗೆ ಯಾರೋ ಕಣ್ಣು ಪಿಳುಕಿಸಿದರು" ಎಂದಳು.

"ಥೂ, ಏನು ಮಾತು!"

"ಮೂರು ಸಲ ರೀ. ಪಿಳಿ, ಪಿಳಿ, ಪಿಳಿ. ಆಮೇಲೆ ಕತ್ತಲು. ನಾನು ಪೆಟ್ಟಿಗೆ ಮುಚ್ಚಿ ತಿರುಗಿದರೆ ಮತ್ತೆ ಮೂರು ಸಲ. ಪ್ಲಗ್ ನೆಲದ ಮೇಲೆ ಬಿದ್ದಿತ್ತು!"

ಕೈ ಕೈ ಹಿಡಿದು ಇಬ್ಬರೂ ಬಾಗಿಲಿಗೆ ಹೋದೆವು. ಅರವತ್ತೆರಡರ ಅವಳು, ಅರವತ್ತೆಂಟರ ನಾನು, ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತ. ಸುರಂಗದ ಬಾಯಿ ಕಪ್ಪಗಿತ್ತು. ಕಾದೆವು. ಗೂಟದ ಮೇಲಿನ ಕೋಟು ಕೂಡ ಕಾಯುತ್ತಿರುವಂತಿತ್ತು. ಒಳಗಿನಿಂದ ಹಳದಿ ಬೆಳಕು ಒಮ್ಮೆ ಹೊರಗೆ ಇಣುಕಿತು. ಇನ್ನೊಮ್ಮೆ. ಮತ್ತೊಮ್ಮೆ. ಆಮೇಲೆ ಯಾರೋ ಒಳಗಿನಿಂದ ರೆಪ್ಪೆ ಮುಚ್ಚಿದ ಹಾಗೆ ಕತ್ತಲು.

ಕೆಪಾಸಿಟರ್ ಇದ್ದರೆ ದೀಪ ಉಳಿಯಬಹುದು, ಸರಿ. ಲೆಕ್ಕ ಹಾಕಿದಂತೆ ಮೂರು ಮೂರು ಸಲ ಮಿಟುಕುವುದು ಯಾಕೆ?

"ನಾಡಿದ್ದು ಅಣ್ಣನ ಕಣ್ಣು..." ಎಂದವಳು ಮುಂದೆ ಹೇಳದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅವನಿಗೆ ಮಾತ್ರ ಹೇಳಬೇಡಿ."

ಹೇಳಲಿಲ್ಲ. ದೀಪವೇ ಹೇಳಿತು.

ಭಾನುವಾರ ಮೂರಕ್ಕೆ ಭಾವನನ್ನು ಕುರ್ಚಿಯ ಮೇಲೆ ಕೂರಿಸಿದೆವು. ಕಣ್ಣು ಹಳಿಯ ಮಟ್ಟಕ್ಕೆ ಬರುವಂತೆ ಅವರು ಬಾಗಿ ಗದ್ದವನ್ನು ಹಲಗೆಗೆ ಆನಿಸಿದರು. ಕತ್ತಲು ಮಾಡಿದೆ. ಎಂಜಿನ್ ಸಣ್ಣಗೆ ಗುಂಯ್ಗುಟ್ಟಿತು. ಸುರಂಗದೊಳಗಿನಿಂದ ಮೊದಲು ಮಸುಕು ಬೆಳಕು, ಆಮೇಲೆ ಒಂದೊಂದೇ ಕಿಟಕಿ, ಸಾಲು ಸಾಲು ಕಿಟಕಿ. ಅವರ ಗಡ್ಡದ ಮೇಲೆ, ಕೆನ್ನೆಯ ಮೇಲೆ, ಆ ಮಂಜುಗಣ್ಣಿನ ಮೇಲೆ ಹಳದಿ ಚೌಕಗಳು ಹರಿದುಹೋದವು.

"ಕಾಣುತ್ತಾ ಅಣ್ಣಾ?"

"ಹೂವಿನ ಹಾಗೆ ಕಾಣುತ್ತೆ ಪುಟ್ಟಿ. ಮಾತಾಡಬೇಡ. ಹೋಗ್ತಾ ಇದೆ... ನನ್ನ ಗಾಡಿ ಹೋಗ್ತಾ ಇದೆ."

ಎರಡು ಸುತ್ತು. ನನ್ನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು. ಮೂರನೆಯ ಸುತ್ತಿನಲ್ಲಿ ಎಂಟನೆಯ ಬೋಗಿ ಸುರಂಗದಿಂದ ಕತ್ತಲಾಗಿಯೇ ಹೊರಬಂತು. ಭಾವನ ಮುಖದ ಎದುರಿಗೆ ಬಂದಾಗ ಹತ್ತಿತು, ಆರಿತು. ಹತ್ತಿತು, ಆರಿತು. ಹತ್ತಿತು, ಆರಿತು. ಗೋಡೆಯ ಮೇಲೆ ಆ ಮುಖವಿಲ್ಲದ ಮನುಷ್ಯ ಮೂರು ಸಲ ಕೈ ಎತ್ತಿ ಮಾಯವಾದ.

"ನಿಲ್ಲಿಸಿ ಗಾಡಿ!"

ಆ ದನಿ ಭಾವನದ್ದಲ್ಲ, ಮೂವತ್ತೈದು ವರ್ಷದ ಗಾರ್ಡಿನದು. ನನ್ನ ಕೈ ತಾನಾಗಿಯೇ ನಿಲ್ಲಿಸಿತು. ಅವರು ತಡವಿ ತಡವಿ ಕೊನೆಯ ಬೋಗಿಯನ್ನು ಹಳಿಯಿಂದ ಎತ್ತಿಕೊಂಡರು. ಅಂಗೈ ಮೇಲಿಟ್ಟುಕೊಂಡು ಕಣ್ಣಿನ ಹತ್ತಿರ ತಂದರು. ಹಳಿಯಿಲ್ಲ, ತಂತಿಯಿಲ್ಲ. ಬರೀ ಒಬ್ಬ ಮುದುಕರ ಅಂಗೈ.

ಅಂಗೈಯಲ್ಲಿ ದೀಪ ಮೂರು ಸಲ ಮಿಟುಕಿತು.

ಬೋಗಿಯನ್ನು ಮೆಲ್ಲಗೆ ಹಲಗೆಯ ಮೇಲಿಟ್ಟು ಭಾವ ಹೇಳಿದರು: "ಗಾರ್ಡ್ ದೀಪ ಹೀಗೆ ಆಡಿಸಿದರೆ ಒಂದೇ ಅರ್ಥ. ಮುಂದೆ ಅಪಾಯ, ಗಾಡಿ ನಿಲ್ಲಿಸು. ನಾಳೆ ನಾನು ಹೋಗಲ್ಲ."

"ಭಾವ, ಅದು ಆಟದ ಸಾಮಾನು!"

"ಸಿಗ್ನಲ್ ಸಿಗ್ನಲ್ಲೇ."

ಮುಂದಿನ ಒಂದು ಗಂಟೆ ನಾನು ವಾದಿಸಿದ್ದನ್ನು ತರಗತಿಯಲ್ಲಿ ವಾದಿಸಿದ್ದರೆ ಕಲ್ಲುಬೆಂಚು ಕೂಡ ಪಾಸಾಗುತ್ತಿತ್ತು. ಭಾವ ಅಲುಗಲಿಲ್ಲ. ಕೈಚೀಲಕ್ಕೆ ಪಂಚೆ ತುಂಬತೊಡಗಿದರು. ಅದಕ್ಕಿಂತ ಹೆಚ್ಚಾಗಿ, ಇಷ್ಟು ದಿನ ಆಪರೇಷನ್ ಆಗಲಿ ಎಂದು ಅಳುತ್ತಿದ್ದ ನನ್ನ ಹೆಂಡತಿ ಈಗ ಬೇಡವೆಂದು ಅಳತೊಡಗಿದಳು.

"ನೀನೂನಾ? ಹೋಗದಿದ್ದರೆ ಇರುವ ಒಂದು ಕಣ್ಣೂ ಹೋಗುತ್ತೆ!"

"ಹೋದ ಮೇಲೆ ಹೋದರೆ?"

"ಅದೇನು ವಾಕ್ಯ?"

"ನನಗೆ ವಾಕ್ಯ ಬೇಡ, ನಮ್ಮಣ್ಣ ಬೇಕು! ಆ ಪೀಡೆಯನ್ನು ಮನೆಗೆ ತಂದವರು ನೀವು. ಏನದು ಅಂತ ನೀವೇ ಕಂಡುಹಿಡೀರಿ. ಕತ್ತಲಾಗೋದರೊಳಗೆ."

ಒಬ್ಬನೇ ಕೋಣೆಗೆ ಹೋದೆ. ಕಂಬಳಿ ತೆಗೆದೇ ಹೋದೆ. ಆ ಮಟ್ಟಿಗೆ ಬುದ್ಧಿವಂತ ನಾನು. ಬೋಗಿಯ ಸೂರು ತೆಗೆಯುವಾಗ ಇಕ್ಕಳ ತಾಗಿ, ಒಳಗಿನಿಂದ ಯಾರೋ ಬಾಗಿಲು ಬಡಿಯುವ ಹಾಗೆ ಸದ್ದಾಯಿತು. ತಂತಿ ಸರಿಯಿದೆ. ಬೆಸುಗೆ ಸರಿಯಿದೆ. ದೀಪ ನನ್ನ ಮುಖ ನೋಡಿ ಮೂರು ಸಲ ಮಿಟುಕಿತು. "ದಯವಿಟ್ಟು" ಎಂದು ನಾನು ಅದಕ್ಕೆ ಹೇಳಿದ್ದು ನೆನಪಿದೆ.

ಬಾಗಿಲಲ್ಲಿ ಇವಳು ನಿಂತಿದ್ದಳು. ಹೆದರಿಕೆಯಿಂದ ಒಳಗೆ ಬರಲಾಗದೆ, ಹೊರಗಿರಲೂ ಆಗದೆ, ಹೊಸ್ತಿಲ ಮೇಲೆ ಕೂತು ಡಿಕೋಡರ್ ಬಂದ ಖಾಲಿ ಡಬ್ಬಿಗಳನ್ನು ಒಂದರೊಳಗೊಂದು ಜೋಡಿಸತೊಡಗಿದಳು. ಕೈಗೆ ಏನಾದರೂ ಕೆಲಸವಿಲ್ಲದಿದ್ದರೆ ಅವಳಿಗೆ ಅಳಲೂ ಬರುವುದಿಲ್ಲ. ಒಂದು ಡಬ್ಬಿಯ ತಳದಲ್ಲಿ ನಾಲ್ಕಾಗಿ ಮಡಿಸಿದ ಚೀಟಿ ಸಿಕ್ಕಿತು.

"ಏನ್ರೀ ಇದು? ನೀವು ಓದಿದ್ದೀರಾ?"

"ಅದನ್ನೇನು ಓದುವುದು? ಪುಸ್ತಕ ಓದಿದ್ದೇನೆ."

"ಪುಸ್ತಕ ಆ ಏಳರದ್ದು. ಇದು ಎಂಟನೆಯದರ ಚೀಟಿ" ಎಂದು ಕನ್ನಡಕ ಏರಿಸಿ ಓದುತ್ತ ಹೋದಳು. ಅವಳ ದನಿ ಮೊದಲು ನಡುಗುತ್ತಿತ್ತು. ಆಮೇಲೆ ನಿಧಾನವಾಯಿತು. ಆಮೇಲೆ, ಅದನ್ನೇ ನಾನು ಹೆದರುವುದು, ತೀರ ಸ್ಪಷ್ಟವಾಯಿತು. "ಬೇರೆ ಕಂಪನಿಯ ಬೋಗಿಗಳ ಜೊತೆ ಒಂದೇ ಹಳಿಯ ಮೇಲಿಟ್ಟು ಬರೆಯಬೇಡಿ. ಅವುಗಳಲ್ಲಿ ಬೆಳಕು ಮಂಕು ಮಾಡುವ ಅಂಕಿಗಳೇ ಇದರಲ್ಲಿ ದೀಪದ ಚಮತ್ಕಾರಗಳನ್ನು ಆರಿಸುತ್ತವೆ: ಮೊಂಬತ್ತಿ, ಮಿಂಚು, ಕೆಟ್ಟುಹೋದ ಟ್ಯೂಬ್‌ಲೈಟ್, ಅಂದರೆ ಆಗಾಗ ಮೂರು ಸಲ ಮಿಟುಕಿ ಆರುವುದು, ಇತ್ಯಾದಿ..."



"ಕೆಟ್ಟುಹೋದ ಟ್ಯೂಬ್‌ಲೈಟ್" ಎಂದು ಅವಳು ಇನ್ನೊಮ್ಮೆ, ಬಿಡಿಸಿ ಬಿಡಿಸಿ, ಓದಿದಳು.

ಉಕ್ತಲೇಖನ! ಏಳು ಮಕ್ಕಳು 'ಮಂಕಾಗು' ಎಂದು ಬರೆದುಕೊಂಡಿದ್ದರು. ಎಂಟನೆಯವನ ಪುಸ್ತಕದಲ್ಲಿ ಅದೇ ಅಂಕಿಗೆ 'ಕೆಟ್ಟವನಂತೆ ನಟಿಸು' ಎಂದಿತ್ತು. ಪಾಪ, ವಿಧೇಯ ಹುಡುಗ, ನಟಿಸಿದ. ನನ್ನ ಬೆರಳು ದಪ್ಪದ ಕೆಪಾಸಿಟರ್ ಹೊಟ್ಟೆಯೊಳಗಿದ್ದದ್ದರಿಂದ ಪ್ಲಗ್ ಕಿತ್ತ ಮೇಲೂ, ಭಾವನ ಅಂಗೈ ಮೇಲೂ, ನಟಿಸುತ್ತಲೇ ಇದ್ದ!

ಓಡಿಹೋಗಿ ಭಾವನ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಕೈಚೀಲದ ಗುಂಡಿ ಹಾಕಿದರು.

"ಮೇಷ್ಟ್ರೇ, ಸುಳ್ಳು ಹೇಳೋದು ನಿಮಗೆ ಒಗ್ಗಲ್ಲ. ನನ್ನನ್ನ ಆಸ್ಪತ್ರೆಗೆ ಸಾಗಿಸೋಕೆ ಕಥೆ ಕಟ್ತಿದ್ದೀರಿ."

"ಆಣೆಗೂ ನಿಜ ಭಾವ! ತಪ್ಪು ನನ್ನದೇ!"

"ಅಲ್ಲೇ ಸಿಕ್ಕಿಬಿದ್ರಿ. ನಲವತ್ತು ವರ್ಷದಲ್ಲಿ ನೀವು ತಪ್ಪು ನನ್ನದು ಅಂದಿದ್ದೇ ಇಲ್ಲ."

ಹೆಂಡತಿಯ ಕಡೆ ನೋಡಿದೆ, ಸಾಕ್ಷಿ ಹೇಳಲಿ ಎಂದು. "ಅದೇನೋ ನಿಜ" ಎಂದಳು. ಯಾವುದು ನಿಜ ಎಂದು ಬಿಡಿಸಿ ಹೇಳಲಿಲ್ಲ.

ಭಾವ ಕಿಟಕಿಯ ಕಡೆ ತಿರುಗಿದರು. ಹೊರಗೆ ಬೀದಿಯ ದೀಪಗಳು ಹತ್ತುತ್ತಿದ್ದವು. "ಸಿಗ್ನಲ್ ಕೆಟ್ಟಿದ್ದರೆ ಅದನ್ನ ದಾಟೋಕೆ ಒಂದು ದಾರಿ ಇದೆ" ಎಂದರು ಕೊನೆಗೆ. "ಸ್ಟೇಷನ್ ಮಾಸ್ಟರ್ ಕಾಗದ ಬರೆದುಕೊಡಬೇಕು. ಯಾವ ದೀಪ, ಏನು ಕೆಟ್ಟಿದೆ, ಯಾರಿಂದ ಕೆಟ್ಟಿತು. ತಾರೀಕು, ಗಂಟೆ, ಸಹಿ. ಆ ಕಾಗದ ಕೈಯಲ್ಲಿದ್ದರೆ ಗಾಡಿ ಮುಂದೆ ಹೋಗುತ್ತೆ. ಬಾಯಿಮಾತಿಗೆ ಹೋಗಲ್ಲ. ಇಲ್ಲಿ ಸ್ಟೇಷನ್ ನಿಮ್ಮದು."

ಮೂವತ್ತಾರು ವರ್ಷದಲ್ಲಿ ಎಷ್ಟು ಮಕ್ಕಳಿಂದ ತಪ್ಪೊಪ್ಪಿಗೆ ಪತ್ರ ಬರೆಸಿದ್ದೆನೋ, ಅವರೆಲ್ಲ ಆ ಸಂಜೆ ಕಿಟಕಿಯಲ್ಲಿ ನಿಂತು ಇಣುಕುತ್ತಿರುವಂತೆ ಭಾಸವಾಯಿತು. ಹಾಳೆ ತೆಗೆದೆ. ಬರೆದೆ: "ಎಂಟನೆಯ ಬೋಗಿಯ ದೀಪವು ದೆವ್ವದಿಂದಾಗಲಿ ಅಪಶಕುನದಿಂದಾಗಲಿ ಮಿಟುಕಿರುವುದಿಲ್ಲ. ಬೋಗಿಗಳನ್ನು ಒಂದೊಂದಾಗಿ ಇಳಿಸಬೇಕೆಂಬ ಸೂಚನೆಯನ್ನು ಓದಿಯೂ, ಹೆಂಡತಿ ನೆನಪಿಸಿಯೂ, ಪಾಲಿಸದ ಈ ಕೆಳಗೆ ಸಹಿ ಮಾಡಿದವನ ಅಹಂಕಾರದಿಂದ ಮಿಟುಕಿರುತ್ತದೆ. ಆದ್ದರಿಂದ ಮುಂದೆ ಸಾಗಬಹುದು."

ಓದಿ ಹೇಳಿದೆ. ಭಾವ ತಲೆಯಾಡಿಸಿದರು. "ಅಹಂಕಾರ ಅನ್ನೋದರ ಕೆಳಗೆ ಗೆರೆ ಎಳೀರಿ."

"ಎರಡು ಗೆರೆ" ಎಂದಳು ತಂಗಿ.

ಸೋಮವಾರ ಬೆಳಿಗ್ಗೆ ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಭಾವ ಕಾರು ಹತ್ತಿದರು. ಆಪರೇಷನ್ ಕೋಣೆಯ ಬಾಗಿಲಲ್ಲಿ ಡಾಕ್ಟರಿಗೂ ತೋರಿಸಿದರಂತೆ. ಡಾಕ್ಟರು ಎರಡು ಸಲ ಓದಿ, ಏನೂ ಅರ್ಥವಾಗದೆ, ರೋಗಿಯ ಸಮಾಧಾನಕ್ಕಾಗಿ ಕೆಳಗೆ ತಾವೂ ಒಂದು ಸಹಿ ಹಾಕಿದರು. ಹೊರಗೆ ಬೆಂಚಿನ ಮೇಲೆ ಕೂತ ನನ್ನ ಹೆಂಡತಿ ನನ್ನ ತೋಳನ್ನು ಹಿಡಿದ ಹಿಡಿತದ ಗುರುತು ನಾಲ್ಕು ದಿನ ಉಳಿದಿತ್ತು. ಒಂದು ಗಂಟೆಯ ಮೇಲೆ ಡಾಕ್ಟರು ನಗುತ್ತ ಹೊರಗೆ ಬಂದರು. ಕಣ್ಣು ಉಳಿಯಿತು.

ಆಪರೇಷನ್ ಕಳೆದು ಒಂಬತ್ತನೆಯ ದಿನ. ಕಣ್ಣಿಗೆ ಕಟ್ಟಿಲ್ಲ, ಕಪ್ಪು ಕನ್ನಡಕ ಮಾತ್ರ. ಅಷ್ಟರೊಳಗೆ ನಾನು ಎಂಟು ಬೋಗಿಗಳ ಬರಹವನ್ನೂ ಅಳಿಸಿ, ಒಂದೊಂದಾಗಿ ಇಳಿಸಿ, ಒಂದೊಂದಾಗಿ ಬರೆದು, ಹಳೆಯ ಅಂಕಿಗಳ ಸುಳಿವೂ ಇಲ್ಲದಂತೆ ತೊಳೆದಿದ್ದೆ. ದೊಡ್ಡ ಕೆಪಾಸಿಟರ್ ಕಿತ್ತು ಕಡಲೆಕಾಳು ಹಾಕಿದ್ದೆ. ಮಧ್ಯಾಹ್ನ ಮೂರಕ್ಕೆ ಕಂಬಳಿ ಬಡಿದೆ. ಭಾವ ಕನ್ನಡಕ ತೆಗೆದು ಗದ್ದ ಆನಿಸಿದರು.

ರೈಲು ಹೊರಟಿತು. ಎಂಟೂ ಬೋಗಿಗಳಲ್ಲಿ ಅಲುಗದ, ನಡುಗದ, ಹೊನ್ನಿನಂಥ ಬೆಳಕು. ಮೂರು ಸುತ್ತು, ನಾಲ್ಕು ಸುತ್ತು. ಭಾವನ ಹೊಸ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಹೇಗಿದೆ ಭಾವ?" ಎಂದೆ, ತಡೆಯಲಾರದೆ.

"ಏಳು ಬೋಗಿ ಅದ್ಭುತವಾಗಿದೆ" ಎಂದರು.

"ಎಂಟನೆಯದು?"

"ಅದೇನು ಮಾಡಿಬಿಟ್ರಿ ಮೇಷ್ಟ್ರೇ ಅದನ್ನ? ಮೂವತ್ತೈದು ವರ್ಷದಲ್ಲಿ ನನ್ನ ಬೋಗಿಯ ದೀಪ ಒಂದು ದಿನಾನೂ ನೆಟ್ಟಗೆ ಉರಿದಿಲ್ಲ. ಮೂರು ಸಲ ಮಿಟುಕೋದು, ಆರೋದು. ದೂರು ಬರೆದು ಬರೆದು ಸಾಕಾಯ್ತು, ಯಾರೂ ಸರಿ ಮಾಡಲಿಲ್ಲ. ಅವತ್ತು ಅರ್ಧ ಕಣ್ಣಲ್ಲಿ ನೋಡಿದಾಗಲೂ ಇದು ನನ್ನ ಗಾಡಿ ಅಂತ ಎದೆ ಹೊಡಕೊಂಡಿತು, ಅದಕ್ಕೇ ಅಲ್ಲವೇ ನನ್ನ ಗಾಡೀನೇ ನನಗೆ ಸಿಗ್ನಲ್ ಕೊಡ್ತಿದೆ ಅಂತ ನಂಬಿದ್ದು? ಈಗ ಇದು ಯಾರದೋ ಗಾಡಿ. ಮೊದಲಿದ್ದ ಹಾಗೇ ಮಾಡಿಕೊಡಿ."

ಮೊದಲಿದ್ದ ಹಾಗೆ! ಅವತ್ತು ಚಕ್ರವನ್ನು ಯಾವ ಅಂಕಿಯಲ್ಲಿ ನಿಲ್ಲಿಸಿದ್ದೆನೆಂದು ಬರೆದಿಟ್ಟಿರಲಿಲ್ಲ. ಎಲ್ಲ ನಾನೇ ತೊಳೆದುಹಾಕಿದ್ದೆ. ಚೀಟಿಯಲ್ಲಿ ಚಮತ್ಕಾರಗಳ ಹೆಸರಿತ್ತೇ ಹೊರತು ಅಂಕಿಗಳಿರಲಿಲ್ಲ. ಐದು ದಿನದಿಂದ ಪ್ರಯತ್ನಿಸುತ್ತಿದ್ದೇನೆ. ಎಂಟನೆಯ ಬೋಗಿ ಮೊಂಬತ್ತಿಯಾಯಿತು, ಮಿಂಚಾಯಿತು, ಒಮ್ಮೆ ಬೆಂಕಿ ಹತ್ತಿದ ಹಾಗೆ ಕೆಂಪಾಯಿತು. ಕೆಟ್ಟ ಟ್ಯೂಬ್‌ಲೈಟ್ ಮಾತ್ರ ಆಗುತ್ತಿಲ್ಲ.

ಭಾವ ಪ್ರತಿ ಮಧ್ಯಾಹ್ನ ಮೂರಕ್ಕೆ ಬಾಗಿಲಿಗೆ ಬಂದು, "ಆಯ್ತಾ?" ಎಂದು ಕೇಳುತ್ತಾರೆ.

ಇವತ್ತು ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಉತ್ತರ ಬಂತು: "ಸ್ವಲ್ಪ ತಾಳು ಅಣ್ಣಾ. ತಪ್ಪು ಮಾಡೋದು ಹೇಗೆ ಅಂತ ಇವರು ಇನ್ನೂ ಪುಸ್ತಕ ಓದ್ತಿದ್ದಾರೆ!"